ಭಾವನ ಕತ್ತು ಮತ್ತು ಆಯುಧಪೂಜೆಯ ಚೆಂಡು ಹೂ: ಮಂಡ್ಯದ ಒಂದು ಹಿತ್ತಲಿನ ಪ್ರಕರಣ

ಕಾರ್ತಿಕ ಮಾಸದ ಒಂದು ಭಾನುವಾರ ಮೈಸೂರಿನಿಂದ ಅಕ್ಕನ ಊರಿಗೆ ಹೋಗಿದ್ದೆ. ಭಾವ ಅಂಗಿಯ ಕಾಲರ್ ಕೆಳಗೆ ಮಡಚಿಕೊಂಡು ಜಗಲಿಯ ಮೇಲೆ ಕೂತಿದ್ದರು. ಕತ್ತಿನ ಹಿಂಭಾಗ ಸುಟ್ಟ ಹಾಗೆ ಕೆಂಪಾಗಿತ್ತು. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದು ನೀರು ಒಸರುತ್ತಿತ್ತು. ಮೊಣಕೈ ಮಡಿಕೆಯಲ್ಲೂ ಹಾಗೇ.

"ಉರೀತದೆ ಕಣವ್ವ. ನಿಮ್ಮಕ್ಕ ಹೂವಿನ ಮುಲಾಮು ಮಾಡಿದ್ಲು, ಹಚ್ಕೊಂಡೆ" ಅಂದರು. ದೂರುವ ದನಿ ಇರಲಿಲ್ಲ. ಆದರೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಣ್ಣು ತುಂಬಿತ್ತು.

ಆ ದಿನದಿಂದ ಸುಮಾರು ಎರಡು ವರ್ಷ ಈ ಮನೆಯ ಹಿತ್ತಲು ಹೇಗೆ ಬದಲಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಚರ್ಮಕ್ಕೆ ಬೇಕಾದ್ದನ್ನು ಮನೆಯಲ್ಲೇ ಬೆಳೆದು ಮನೆಯಲ್ಲೇ ಮಾಡಿಕೊಳ್ಳಬೇಕು ಅನ್ನುವ ಆಸೆ ಈಗ ನನ್ನ ಪರಿಚಯದ ಬಹಳ ಹೆಂಗಸರಿಗಿದೆ. ಒಳ್ಳೆಯ ಆಸೆ. ಎಲ್ಲರೂ ಶುರು ಮಾಡುವುದು ಮಾತ್ರ ಗಿಡಗಳ ಪಟ್ಟಿಯಿಂದ. ಮೊದಲು ನೋಡಬೇಕಾದ್ದು ಮನೆಯಲ್ಲಿರುವವರ ಮೈಯನ್ನು. ನಾವು ಇದನ್ನು ಕಲಿತದ್ದು ಭಾವನ ಕತ್ತಿನಿಂದ.

ಮನೆ, ಮಂದಿ

ಊರು ಮಂಡ್ಯಕ್ಕೆ ಹತ್ತಿರ. ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ನೀರಿನ ಬಯಲು. ಎರಡು ಎಕರೆ ಕಬ್ಬು, ಅರ್ಧ ಎಕರೆ ಭತ್ತ. ಮನೆಯ ಹಿಂದೆ 30 ಅಡಿ ಉದ್ದ, 18 ಅಡಿ ಅಗಲದ ಹಿತ್ತಲು. ಬಳಸುವ ನೀರು ಬೋರ್‌ವೆಲ್‌ನದು. ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು.

ಮನೆಯಲ್ಲಿ ನಾಲ್ಕು ಜನ. ಭಾವನಿಗೆ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಕತ್ತು, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆ ಕಡಿಯುವುದು ಹತ್ತು ವರ್ಷದ ತೊಂದರೆ. "ಉಷ್ಣ ಕಣವ್ವ" ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ಅಕ್ಕನ ಅತ್ತೆಯನ್ನು ನಾವೆಲ್ಲ ಅಜ್ಜಿ ಅನ್ನುತ್ತೇವೆ. ಎಪ್ಪತ್ತು ದಾಟಿದ್ದಾರೆ. ಮಾಗಿ ಚಳಿ ಬಂದರೆ ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು, ಮೊಣಕಾಲಿನ ಕೆಳಗೆ ಚರ್ಮ ಬೂದಿ ಬಳಿದ ಹಾಗೆ ಒಣಗುತ್ತಿತ್ತು. ಪಿಯುಸಿ ಓದುವ ಮಗಳಿಗೆ ಮೊಡವೆ. ಅಕ್ಕನಿಗೆ ಅಂಥದ್ದೇನೂ ಇಲ್ಲ. ಪಾತ್ರೆ ತಿಕ್ಕುವ ಕೈ ಒರಟಾಗಿದೆ, ಅಷ್ಟೇ.

ಮನೆಗೊಂದು ಮುಲಾಮು ಮಾಡಬೇಕು ಅಂತ ಅಕ್ಕನಿಗೆ ಅನ್ನಿಸಿದ್ದೇ ಈ ಮೂವರನ್ನು ನೋಡಿ. ಅಂಗಡಿಯ ಕ್ರೀಮಿಗೆ ಬಹಳ ದುಡ್ಡು ಹೋಗುತ್ತಿತ್ತು. ಹಿತ್ತಲಲ್ಲಿ ಲೋಳೆಸರ, ದಾಸವಾಳ, ತುಳಸಿ, ಎರಡು ಮಲ್ಲಿಗೆ ಬಳ್ಳಿ ಮೊದಲೇ ಇದ್ದವು.

ಒಂದು ಹೆಸರು, ಎರಡು ಹೂ

ಅಕ್ಕ ಯಾವುದೋ ವಿಡಿಯೋದಲ್ಲಿ "ಮಾರಿಗೋಲ್ಡ್ ಮುಲಾಮು" ನೋಡಿದ್ದಳು. ಒಡೆದ ಚರ್ಮಕ್ಕೆ ತುಂಬಾ ಒಳ್ಳೆಯದು ಅಂತ ಅದರಲ್ಲಿ ಹೇಳಿದ್ದರಂತೆ. ಮಾರಿಗೋಲ್ಡ್ ಅಂದರೆ ನಮ್ಮಲ್ಲಿ ಯಾರಿಗಾದರೂ ನೆನಪಾಗುವುದು ಚೆಂಡು ಹೂವೇ ಅಲ್ವಾ? ಆಗಷ್ಟೇ ಆಯುಧಪೂಜೆ ಮುಗಿದಿತ್ತು. ಟ್ರ್ಯಾಕ್ಟರ್, ಪಂಪ್‌ಸೆಟ್, ಬೈಕ್ ಎಲ್ಲಕ್ಕೂ ಹಾಕಿದ್ದ ಹಾರಗಳು ಬಾಡುತ್ತಿದ್ದವು. ಎಸೆಯುವ ಬದಲು ಎಸಳು ಬಿಡಿಸಿ, ಎರಡು ದಿನ ನೆರಳಲ್ಲಿ ಹರಡಿ, ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ, ಜೇನುಮೇಣ ಹಾಕಿ ಡಬ್ಬಿಗೆ ತುಂಬಿದಳು.

ವಿಡಿಯೋದವರು ಹೇಳಿದ್ದು ಬೇರೆ ಹೂ. ಅದು ಕ್ಯಾಲೆಂಡುಲಾ. ಇಂಗ್ಲಿಷಿನಲ್ಲಿ ಅದಕ್ಕೆ ಪಾಟ್ ಮಾರಿಗೋಲ್ಡ್ ಅನ್ನುವ ಹೆಸರೂ ಇದೆ. ಮುಲಾಮಿಗೆ ಹೆಸರಾಗಿರುವುದು ಅದು. ನಮ್ಮ ಚೆಂಡು ಹೂ ಟಾಜೆಟಿಸ್. ಎರಡೂ ಹಳದಿ, ಕೇಸರಿ ಬಣ್ಣ. ಹೂ ಮಾತ್ರ ನೋಡಿದರೆ ಮೋಸ ಹೋಗುವುದು ಸುಲಭ. ಎಲೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಚೆಂಡು ಹೂವಿನ ಎಲೆ ಸೀಳುಸೀಳಾಗಿ ಗರಿಯ ಹಾಗಿರುತ್ತದೆ, ಹೊಸಕಿದರೆ ಗಾಟು ವಾಸನೆ. ಕ್ಯಾಲೆಂಡುಲಾ ಎಲೆ ಸೀಳಿಲ್ಲದ ಉದ್ದನೆಯ ನಾಲಿಗೆಯ ಹಾಗೆ. ಅದರ ಹೂವಿನ ಬುಡ ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ. ಬೀಜವೂ ಬೇರೆ: ಚೆಂಡು ಹೂವಿನದು ಕಪ್ಪು ಕಡ್ಡಿಯ ತುದಿಗೆ ಒಣಹುಲ್ಲು ಸಿಕ್ಕಿಸಿದ ಹಾಗೆ, ಕ್ಯಾಲೆಂಡುಲಾದ್ದು ಬಾಗಿದ ಉಗುರಿನ ಹಾಗೆ.

ಚೆಂಡು ಹೂವನ್ನು ನಾನು ಹಳಿಯುತ್ತಿಲ್ಲ. ಟೊಮೆಟೊ ಸಾಲಿನ ನಡುವೆ ನಮ್ಮ ರೈತರು ಅದನ್ನು ನೆಡುತ್ತಾರೆ. ಅದರಲ್ಲಿರುವ ಥಯೋಫೀನ್ ಎಂಬ ವಸ್ತುಗಳು ಬೇರುಗಂಟು ಹುಳುವನ್ನು ಕೊಲ್ಲುತ್ತವೆ. ಬೇರಿನಲ್ಲಿ ಜಾಸ್ತಿ, ಉಳಿದ ಭಾಗದಲ್ಲೂ ಸ್ವಲ್ಪ ಇರುತ್ತವೆ. ಗುಂಡ್ಲುಪೇಟೆ ಕಡೆ ಬಣ್ಣ ತೆಗೆಯುವುದಕ್ಕೆಂದೇ ಹೊಲಗಟ್ಟಲೆ ಬೆಳೆಯುತ್ತಾರೆ. ಆದರೆ ಅದೇ ಥಯೋಫೀನ್ ಮೈಗೆ ಹತ್ತಿ, ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡಬಹುದು. ಯುರೋಪಿನ ಸೌಂದರ್ಯವರ್ಧಕ ನಿಯಮಗಳು ಈ ಜಾತಿಯ ಹೂವಿನ ಎಣ್ಣೆಯ ಮೇಲೆ ಬಿಗಿ ಕಟ್ಟುಪಾಡು ಹಾಕಿರುವುದು ಇದೇ ಕಾರಣಕ್ಕೆ. ಭಾವ ಮುಲಾಮು ಹಚ್ಚಿಕೊಂಡು ಹೋದದ್ದು ಕಬ್ಬಿನ ಗದ್ದೆಗೆ, ಬೆಳಿಗ್ಗೆ ಹತ್ತರ ಬಿಸಿಲಿಗೆ.

ಇನ್ನೂ ಎರಡು ತಪ್ಪು ಆ ಡಬ್ಬಿಯಲ್ಲಿತ್ತು. ಹಾರದ ಹೂ ಮಾರುಕಟ್ಟೆಯದು. ಹಬ್ಬಕ್ಕೆ ಬರುವ ಹೂವಿಗೆ ಯಾವ ಔಷಧಿ ಹೊಡೆದಿದ್ದಾರೋ ಕೊಂಡವರಿಗೆ ಗೊತ್ತಾಗುವುದಿಲ್ಲ. ಎರಡನೆಯದು, ಎಸಳು ಪೂರ್ತಿ ಒಣಗಿರಲಿಲ್ಲ. ಹೂವಿನ ನೀರು ಎಣ್ಣೆಯೊಳಗೆ ಉಳಿದಿತ್ತು. ನಾನು ಮುಚ್ಚಳ ತೆಗೆದಾಗ ಕಮಟು ವಾಸನೆ ಬರುತ್ತಿತ್ತು, ಅಂಚಿನಲ್ಲಿ ಬೂಷ್ಟು ಹಿಡಿದಿತ್ತು.

ಡಾಕ್ಟರ್ ಕೇಳಿದ ಪ್ರಶ್ನೆ

ಮರುದಿನವೇ ಭಾವನನ್ನು ಮೈಸೂರಿಗೆ ಕರೆದುಕೊಂಡು ಬಂದು ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಮುಲಾಮಿನ ಡಬ್ಬಿ ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಗದ್ದೆ ಬದುವಿನಲ್ಲಿ ಕಾಂಗ್ರೆಸ್ ಗಿಡ ಇದೆಯಾ?"

ಇಲ್ಲದ ಬದು ಎಲ್ಲಿದೆ? ನಾಲೆ ಏರಿಯ ಮೇಲೆ, ರಸ್ತೆ ಪಕ್ಕ, ಕಬ್ಬು ಕಡಿದ ಬಯಲಲ್ಲಿ ಎಲ್ಲಾ ಕಡೆ ಬಿಳಿ ಹೂವಿನ ಪಾರ್ಥೇನಿಯಂ ನಿಂತಿರುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಅದರ ಪುಡಿ ಗಾಳಿಯಲ್ಲಿ ಹಾರಿ ಬಂದು ಬಟ್ಟೆ ಮುಚ್ಚದ ಜಾಗದಲ್ಲಿ ಕೂರುತ್ತದೆ. ಅದಕ್ಕೇ ಕತ್ತು, ರೆಪ್ಪೆ, ಮೊಣಕೈ ಮಡಿಕೆ. ಹತ್ತು ವರ್ಷ "ಉಷ್ಣ" ಅಂದುಕೊಂಡದ್ದು ಅಲರ್ಜಿ. ಗುಳ್ಳೆ ಆರಿದ ಮೇಲೆ ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವ ಪರೀಕ್ಷೆ ಮಾಡಿದರು. ಪಾರ್ಥೇನಿಯಂ ಇದ್ದ ಜಾಗ ಕೆಂಪಗೆ ಉಬ್ಬಿತ್ತು.

ಆಮೇಲೆ ಅವರು ಹೇಳಿದ್ದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು. ಪಾರ್ಥೇನಿಯಂ ಸೂರ್ಯಕಾಂತಿಯ ಕುಟುಂಬದ್ದು. ಚೆಂಡು ಹೂ, ಸೇವಂತಿಗೆ, ಡೇಲಿಯಾ, ಕ್ಯಾಮೊಮೈಲ್, ಕ್ಯಾಲೆಂಡುಲಾ ಎಲ್ಲವೂ ಅದೇ ಕುಟುಂಬ. ಪಾರ್ಥೇನಿಯಂ ಒಗ್ಗದವರಲ್ಲಿ ಕೆಲವರಿಗೆ ಈ ನೆಂಟರೂ ಒಗ್ಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಪ್ರತಿ ವರ್ಷ ಸೂರ್ಯಕಾಂತಿ ಬಿಡಿಸಿ, ಇದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗೊಂಚಲು ಅಂತ ಮಕ್ಕಳಿಗೆ ತೋರಿಸುತ್ತೇನೆ. ಈ ಕುಟುಂಬದ ಹೆಸರುಗಳೆಲ್ಲ ನನಗೆ ಬಾಯಿಪಾಠ. ಭಾವನ ಕಡಿತಕ್ಕೂ ಈ ಹೆಸರುಗಳಿಗೂ ಸಂಬಂಧ ಇರಬಹುದು ಅಂತ ಹತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಬಿಸಿಲಿನ ಸುಡುವಿಕೆ ಎಷ್ಟು, ಅಲರ್ಜಿ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ ಅಂದರು ಡಾಕ್ಟರ್. ಎರಡೂ ಸೇರಿರಬಹುದು. ಔಷಧಿ ಕೊಟ್ಟರು. ಗದ್ದೆಗೆ ತುಂಬು ತೋಳಿನ ಅಂಗಿ, ಕತ್ತಿಗೆ ಟವೆಲ್, ಆ ಟವೆಲ್ ದಿನಾ ಒಗೆಯಬೇಕು, ಗದ್ದೆಯಿಂದ ಬಂದ ತಕ್ಷಣ ಸ್ನಾನ. ಪಾರ್ಥೇನಿಯಂ ಕೀಳುವ ಕೆಲಸ ಭಾವನಿಗೆ ಬೇಡವೇ ಬೇಡ. ಬೇರೆಯವರು ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ ಕೀಳಬೇಕು.

ತಲೆಗೆ ಹಚ್ಚುವ ಎಣ್ಣೆ

ಮೂರು ವಾರದಲ್ಲಿ ಕತ್ತು ಆರಿತು. ಕಿವಿಯ ಹಿಂದೆ ಮಾತ್ರ ಕಡಿತ ನಿಲ್ಲಲಿಲ್ಲ. ಪ್ರತಿ ಸೋಮವಾರ ಜಾಸ್ತಿ, ಶನಿವಾರದ ಹೊತ್ತಿಗೆ ಕಡಿಮೆ. ವಾರದ ಈ ಲೆಕ್ಕ ಗಮನಿಸಿದ್ದು ಮಗಳು. ಭಾನುವಾರ ಭಾವ ಎಣ್ಣೆ ಸ್ನಾನ ಮಾಡುತ್ತಾರೆ.

ಎಣ್ಣೆ ಕಾಯಿಸುವುದು ಅಜ್ಜಿ. ನಲವತ್ತು ವರ್ಷದಿಂದ ಅವರದೇ ಕೈ. ಭತ್ತದ ಗದ್ದೆ ಬದುವಿನಿಂದ ಗರುಗದ ಸೊಪ್ಪು ಕಿತ್ತು, ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ಗರುಗ ಅಂದರೆ ಭೃಂಗರಾಜ. ಅದರ ಪುಟ್ಟ ಬಿಳಿ ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಸೂರ್ಯಕಾಂತಿಯದೇ ಸಣ್ಣ ಅಚ್ಚು. ಅದೂ ಅದೇ ಕುಟುಂಬ.

ಇದನ್ನು ಅಜ್ಜಿಗೆ ಹೇಳುವುದು ಹೇಗೆ? ಮಗನಿಗಾಗಿ ಇಷ್ಟು ವರ್ಷ ಪ್ರೀತಿಯಿಂದ ಕಾಯಿಸಿದ ಎಣ್ಣೆ. ನಾನು ಗರುಗದ ಹೂವನ್ನೂ ಪಾರ್ಥೇನಿಯಂ ಹೂವನ್ನೂ ಒಂದು ಕಾಗದದ ಮೇಲಿಟ್ಟು ಅವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಒಂದೇ ವಂಶ ಅಂತೀಯಾ ಮಗ?" ಅಂದರು. ಹೌದು ಅಂದೆ. "ಹಂಗಾದ್ರೆ ಬ್ಯಾಡ ಬುಡು. ನಂಗೆ ಬ್ಯಾರೆ ಎಣ್ಣೆ ಗೊತ್ತು."

ಡಾಕ್ಟರಿಗೆ ಫೋನ್ ಮಾಡಿ ಕೇಳಿದಾಗ, ನಿಲ್ಲಿಸಿ ನೋಡಿ ಅಂದರು. ನಿಲ್ಲಿಸಿದ ನಾಲ್ಕನೇ ವಾರಕ್ಕೆ ಕಿವಿಯ ಹಿಂದಿನ ಕಡಿತ ಹೋಯಿತು. ಗರುಗ ಬಹಳ ಜನಕ್ಕೆ ಒಳ್ಳೆಯ ಸೊಪ್ಪು. ನಮ್ಮ ಭಾವನಿಗೆ ಅದಾಗಲಿಲ್ಲ.

ಅಜ್ಜಿಗೆ ಗೊತ್ತಿದ್ದ ಬೇರೆ ಎಣ್ಣೆ ಯಾವುದು ಅಂತ ಬೇಸಿಗೆಯಲ್ಲಿ ತಿಳಿಯಿತು. ಮಲ್ಲಿಗೆ ಒಣಗಿದರೆ ಕಂಪು ಉಳಿಯುವುದಿಲ್ಲ, ಎಣ್ಣೆಯಲ್ಲಿ ಕಾಯಿಸಿದರೂ ಸುಟ್ಟು ಹೋಗುತ್ತದೆ. ಕಿತ್ತ ಮೇಲೂ ರಾತ್ರಿಯೆಲ್ಲ ಕಂಪು ಬಿಡುತ್ತಲೇ ಇರುವ ಹೂ ಅದು. ಆದ್ದರಿಂದ ಹಳಬರು ಎಳ್ಳಿಗೆ ಕಂಪು ಹಿಡಿಸುತ್ತಿದ್ದರು. ಸಂಜೆ ಬಿಡಿಸಿದ ಮೊಗ್ಗನ್ನು ಬಿಳಿ ಎಳ್ಳಿನ ಜೊತೆ ಪದರ ಪದರವಾಗಿ ಹರಡಿ, ತೆಳು ಬಟ್ಟೆ ಮುಚ್ಚಿ ಇಡುವುದು. ಬೆಳಿಗ್ಗೆ ಬಾಡಿದ ಹೂ ತೆಗೆದು, ಎಳ್ಳನ್ನು ನೆರಳಲ್ಲಿ ಆರಿಸಿ, ಸಂಜೆ ಹೊಸ ಮೊಗ್ಗು ಹಾಕುವುದು. ಹೀಗೆ ಏಳು ರಾತ್ರಿ. ನಮ್ಮ ಎರಡು ಬಳ್ಳಿಯ ಜೊತೆ ಪಕ್ಕದ ಮನೆಯ ಬಳ್ಳಿಯ ಹೂವೂ ಸೇರಿತು. 2 ಕೆಜಿ ಎಳ್ಳನ್ನು ಊರಿನ ಸಣ್ಣ ಎಣ್ಣೆ ಮಷೀನಿನಲ್ಲಿ ಆಡಿಸಿದಾಗ ಮುಕ್ಕಾಲು ಲೀಟರ್ ಬಂತು. ಬಾಟಲಿ ಬಿಚ್ಚಿದರೆ ಕಂಪು ನಡುಮನೆಗೆ ಬರುತ್ತದೆ. ಭೌಗೋಳಿಕ ಗುರುತು ಪಡೆದ ನಮ್ಮ ಮೈಸೂರು ಮಲ್ಲಿಗೆಯನ್ನು ಮುಡಿಯುವುದಕ್ಕೆ ಮಾತ್ರ ಅಂತ ನಾನು ತಿಳಿದಿದ್ದೆ. ಭಾವನ ಮೊಣಕೈ ಒಳಗೆ ಒಂದು ಹನಿ ಹಚ್ಚಿ ಎರಡು ದಿನ ಕಾದು, ಏನೂ ಆಗದ ಮೇಲೆಯೇ ತಲೆಗೆ ಹಚ್ಚಿದ್ದು. ಈ ಎರಡು ದಿನದ ಕಾಯುವಿಕೆ ಈಗ ಮನೆಯ ನಿಯಮ. ಯಾವ ಹೊಸದಕ್ಕೂ, ಯಾರ ಮೈಗೂ.

ಹಿತ್ತಲು ಮತ್ತೆ ಕಟ್ಟಿದ್ದು

ನೆಡುವ ಮೊದಲು ಕೀಳುವ ಕೆಲಸ. ಬೇಲಿ ಪಕ್ಕದ ಸೇವಂತಿಗೆ ಹೋಯಿತು. ಅಕ್ಕನಿಗೆ ಪ್ರೀತಿಯಿದ್ದ ದವನವೂ ಹೋಯಿತು. ಅದೂ ಅದೇ ಕುಟುಂಬ ಅಂತ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮರುಗ ಉಳಿಯಿತು, ಅದು ತುಳಸಿ, ಪುದೀನಾದ ನೆಂಟ.

ನಾಲೆಯಲ್ಲಿ ನೀರು ಬಿಟ್ಟಾಗ ಹಿತ್ತಲಿನ ಕೆಳಭಾಗ ಜೌಗಾಗುತ್ತದೆ. ಹಿಂದೆ ಲೋಳೆಸರ ಕೊಳೆಯುತ್ತಿದ್ದದ್ದು ಅದಕ್ಕೇ. ಈ ಸಲ ಒಂದು ಅಡಿ ಎತ್ತರದ ಮಡಿ ಮಾಡಿ, ಮಣ್ಣಿಗೆ ಮೂರನೇ ಒಂದು ಭಾಗ ಮರಳು ಬೆರೆಸಿ ಎಂಟು ಮರಿ ನೆಟ್ಟೆವು. ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿದೆವು. ಸೋಪಿನ ಕ್ಷಾರ ಈ ಸಣ್ಣ ಗಿಡಗಳಿಗೆ ಬೇಡ. ಬುಡಕ್ಕೆಲ್ಲ ಕಬ್ಬಿನ ತರಗಿನ ಹೊದಿಕೆ. ಮಂಡ್ಯದಲ್ಲಿ ಅದಕ್ಕೇನೂ ಬರವಿಲ್ಲ.

ಮಗಳ ಮುಖಕ್ಕೆ ಅಂತ ನಾಲ್ಕು ಪನ್ನೀರು ಗುಲಾಬಿ ಗಿಡ. ಮಾರುಕಟ್ಟೆಯ ಗುಲಾಬಿ ನೋಡುವುದಕ್ಕೆ ಚೆನ್ನ, ಆದರೆ ಕಂಪು ಇರುವುದಿಲ್ಲ, ಔಷಧಿ ಇರುತ್ತದೆ. ಹೇನು ಬಂದಾಗ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆದೆವು. ಹೊಡೆದ ಮೇಲೆ ಒಂದು ವಾರ ಆ ಗಿಡದ ಹೂ ಕೀಳುವುದಿಲ್ಲ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಬಿಡಿಸಬೇಕು. ಬೆಳಿಗ್ಗೆ ಏಳೂವರೆ ನಮಗೆ ಸರಿಯಾಗಿದೆ.

ಕಸ್ತೂರಿ ಅರಿಶಿನದ ಗೆಡ್ಡೆ ಹುಡುಕಲು ತಿಂಗಳು ಹಿಡಿಯಿತು. ಆ ಹೆಸರಿನಲ್ಲಿ ಕಚ್ಚೂರವನ್ನು ಮಾರುವುದು ಸಾಮಾನ್ಯ. ನಿಜವಾದ ಕಸ್ತೂರಿ ಅರಿಶಿನದ ಗೆಡ್ಡೆ ಮುರಿದರೆ ಒಳಗೆ ತೆಳು ಕೆನೆ ಬಣ್ಣ, ಕರ್ಪೂರದ ಹಾಗೆ ಘಮ. ಅಡುಗೆ ಅರಿಶಿನದ ಹಾಗೆ ಕೈಗೆ ಹಳದಿ ಮೆತ್ತುವುದಿಲ್ಲ. ಮುಂಗಾರಿನ ಮೊದಲ ಮಳೆಗೆ ನೆಟ್ಟರೆ ಸಂಕ್ರಾಂತಿ ಹೊತ್ತಿಗೆ ಎಲೆ ಒಣಗಿ ಅಗೆಯುವುದಕ್ಕೆ ಬರುತ್ತದೆ. ಲಾವಂಚವನ್ನು ನೆಲಕ್ಕೆ ಹಾಕದೆ ಮೂರು ಗೋಣಿಚೀಲದಲ್ಲಿ ನೆಟ್ಟೆವು. ಬೇರು ಬಲಿಯಲು ಒಂದೂವರೆ ವರ್ಷ ಬೇಕು, ನೆಲದಲ್ಲಾದರೆ ಅಗೆಯುವಾಗ ಅರ್ಧ ಬೇರು ಕಳೆದುಹೋಗುತ್ತದೆ. ಚೀಲವಾದರೆ ಸೀಳಿದರೆ ಸಾಕು.

ಅಜ್ಜಿಯ ಎರಡು ಹಿಮ್ಮಡಿ

ಕ್ಯಾಲೆಂಡುಲಾ ಬೇಕೇ ಬೇಕು ಅಂತ ಅಕ್ಕನ ಹಟ. "ಅತ್ತೆ ಹಿಮ್ಮಡಿಗೆ ಅದೇ ಆಗ್ಬೇಕು ಕಣೇ. ಸರಿಯಾದ್ ಹೂವಲ್ಲಿ ಮಾಡಿದ್ರೆ ಏನ್ ತಪ್ಪು?" ಅಂದಳು. ಅವಳ ಮಾತಿನಲ್ಲಿ ಅರ್ಥವಿತ್ತು. ಆದರೆ ಭಾವ ಓಡಾಡುವ ಹಿತ್ತಲಲ್ಲಿ ಅದನ್ನು ಬೆಳೆಯುವುದು ನನಗೆ ಸರಿ ಕಾಣಲಿಲ್ಲ. ಮೈಸೂರಿನ ನನ್ನ ಮಹಡಿಯ ಮೇಲೆ ಐದು ಕುಂಡದಲ್ಲಿ ಬೆಳೆದೆ. ಅದು ತಂಪು ಹವೆಯ ಗಿಡ. ದಸರಾ ಆಸುಪಾಸಿನಲ್ಲಿ ಬಿತ್ತಿದರೆ ಎರಡು ತಿಂಗಳಲ್ಲಿ ಹೂ, ಶಿವರಾತ್ರಿ ಕಳೆದರೆ ಸೊರಗುತ್ತದೆ. ಹೂವನ್ನು ಎಸಳಿನ ಜೊತೆ ಬುಡವೂ ಸೇರಿಸಿ, ಹತ್ತು ದಿನ ನೆರಳಲ್ಲಿ ಒಣಗಿಸಿದೆ. ಬುಡ ಮುರಿದರೆ ಪಟ್ ಅನ್ನಬೇಕು. ಬಾಗಿದರೆ ಇನ್ನೂ ನೀರಿದೆ ಅಂತ ಅರ್ಥ.

ಒಣಗಿದ ಹೂ ಒಂದು ಭಾಗ, ಕೊಬ್ಬರಿ ಎಣ್ಣೆ ಐದು ಭಾಗ ತೂಕದಲ್ಲಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೂರು ಗಂಟೆ ಸಣ್ಣ ಉರಿ. ಎಣ್ಣೆ ಕುದಿಯಬಾರದು. ಸೋಸಿದ 100 ಗ್ರಾಂ ಎಣ್ಣೆಗೆ 20 ಗ್ರಾಂ ಜೇನುಮೇಣ. ಬರೀ ಕೊಬ್ಬರಿ ಎಣ್ಣೆ 25 ಡಿಗ್ರಿಗೇ ಕರಗಿ ಹರಿಯುತ್ತದೆ. ಮೇಣ ಕರಗಲು 60 ಡಿಗ್ರಿಗೂ ಮೇಲೆ ಬೇಕು, ಆದ್ದರಿಂದ ಬೇಸಿಗೆಯಲ್ಲೂ ಮುಲಾಮು ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಂದು ಡಬ್ಬಿಗೆ ಅಷ್ಟೇ ಎಣ್ಣೆ, ಅಷ್ಟೇ ಮೇಣ, ಹೂ ಇಲ್ಲ.

ಅಜ್ಜಿಗೆ ಬಲ ಹಿಮ್ಮಡಿಗೆ ಹೂವಿನದು, ಎಡಕ್ಕೆ ಬರಿಯದು ಅಂತ ಕೊಟ್ಟೆ. ಜೊತೆಗೆ ಎರಡು ಬದಲಾವಣೆ. ಹಂಡೆಯ ಸುಡು ನೀರಿನ ಬದಲು ಉಗುರು ಬೆಚ್ಚಗಿನ ನೀರು. ಸೋಪು ಕಂಕುಳಿಗೆ, ಪಾದಕ್ಕೆ ಮಾತ್ರ, ಉಳಿದ ಮೈಗೆ ಹೆಸರು ಹಿಟ್ಟು. ಗಡಸು ನೀರಿಗೆ ಸೋಪು ಸೇರಿದರೆ ಒಂಥರಾ ಜಿಡ್ಡು ಚರ್ಮದ ಮೇಲೆ ಉಳಿದು ಇನ್ನಷ್ಟು ಒಣಗಿಸುತ್ತದೆ. ಸ್ನಾನವಾದ ಮೇಲೆ ಪೂರ್ತಿ ಒರೆಸದೆ, ಪಸೆ ಇರುವಾಗಲೇ ಮುಲಾಮು ಹಚ್ಚಬೇಕು.

ನಾಲ್ಕು ವಾರ ಪ್ರತಿ ಭಾನುವಾರ ಎರಡೂ ಹಿಮ್ಮಡಿಯ ಫೋಟೋ ತೆಗೆದೆ. ಎರಡನೇ ವಾರಕ್ಕೆ ರಕ್ತ ನಿಂತಿತು. ನಾಲ್ಕನೇ ವಾರಕ್ಕೆ ಬಿರುಕು ಮುಚ್ಚಿತು. ಎರಡೂ ಕಾಲಿನಲ್ಲಿ, ಒಂದೇ ಹಾಗೆ.

ಒಬ್ಬರ ಎರಡು ಕಾಲು ನೋಡಿ ಕ್ಯಾಲೆಂಡುಲಾ ಕೆಲಸ ಮಾಡುವುದಿಲ್ಲ ಅನ್ನುವುದು ತಪ್ಪಾಗುತ್ತದೆ. ಆದರೆ ಈ ಮನೆಗೆ ಇಷ್ಟು ಸಾಕಾಗಿತ್ತು. ಚರ್ಮದೊಳಗಿನ ನೀರು ಹೊರಗೆ ಹೋಗದ ಹಾಗೆ ಹಿಡಿದದ್ದು ಎಣ್ಣೆ ಮತ್ತು ಮೇಣ. ಅಕ್ಕ ಎರಡು ಫೋಟೋವನ್ನು ಪಕ್ಕಪಕ್ಕ ಹಿಡಿದು ನೋಡಿ, ತಾನೇ ಹೂವಿನ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ ಕಳಿಸಿದಳು. ಈಗ ಆ ಮನೆಯಲ್ಲಿ ಇರುವುದು ಬರಿಯ ಮುಲಾಮು ಒಂದೇ. ಅಜ್ಜಿಯ ಹಿಮ್ಮಡಿಗೂ ಅಕ್ಕನ ಕೈಗೂ ಅದೇ. ಭಾವನ ಒಣ ತುಟಿಗೂ, ಕಾದು ನೋಡಿದ ಮೇಲೆ, ಅದೇ.

ಮಗಳು

ಇವಳ ಕಥೆ ಚಿಕ್ಕದು, ಆದರೆ ಹೇಳಲೇಬೇಕು. ಮುಲಾಮಿನ ಗಲಾಟೆಗೂ ಮೊದಲೇ ಅವಳು ಮೊಡವೆಗೆ ನಿಂಬೆರಸ, ಅಡುಗೆ ಸೋಡಾ, ಅರಿಶಿನ ಕಲಸಿ ಹಚ್ಚಿಕೊಂಡು, ತೊಳೆದು, ಮಂಡ್ಯದ ಕಾಲೇಜಿಗೆ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗುತ್ತಿದ್ದಳು. ಕೆನ್ನೆಯ ಒಂದು ಕಡೆ ಕಂದು ಕಲೆ ಬಿದ್ದಿತ್ತು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲು ತಾಗಿದರೆ ಚರ್ಮ ಸುಡುವ ವಸ್ತುಗಳಿವೆ. ಆ ಕಲೆ ಮಾಯಲು ತಿಂಗಳುಗಟ್ಟಲೆ ಬೇಕು. ಸೋಡಾ ಇನ್ನೊಂದು ಕಡೆ. ಆರೋಗ್ಯವಾದ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಸುಮಾರು 5. ಸೋಡಾ ಅದನ್ನು ಕ್ಷಾರದ ಕಡೆ ಎಳೆಯುತ್ತದೆ.

"ಮನೆದೇ ಅಲ್ವಾ ಚಿಕ್ಕಿ, ಏನೂ ಆಗಲ್ಲ ಅಂದ್ಕೊಂಡೆ" ಅಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ.

ಅವಳಿಗೆ ಡಾಕ್ಟರ್ ಕೊಟ್ಟ ಕ್ರೀಮ್ ಮುಖ್ಯ ಔಷಧಿ. ಹಿತ್ತಲಿನಿಂದ ಅವಳಿಗೆ ಹೋಗುವುದು ಮೂರೇ. ನಾಲ್ಕು ಚಮಚ ಹೆಸರು ಹಿಟ್ಟಿಗೆ ಒಂದು ಚಮಚ ಒಣಗಿದ ಗುಲಾಬಿ ಎಸಳಿನ ನುಣ್ಣನೆ ಪುಡಿ, ಮುಖ ತೊಳೆಯಲು. ಉಜ್ಜಬಾರದು, ಸವರಿ ತೊಳೆಯಬೇಕು. ಎರಡನೆಯದು ಲೋಳೆಸರ. ಎಲೆ ಕೊಯ್ದು ಕೊಯ್ದ ತುದಿ ಕೆಳಗಾಗಿ 15 ನಿಮಿಷ ನಿಲ್ಲಿಸಿದರೆ ಹಳದಿ ರಸ ಇಳಿದು ಹೋಗುತ್ತದೆ. ಸಿಪ್ಪೆ ಕೆಳಗಿನ ಆ ರಸವೇ ಬಹಳ ಜನಕ್ಕೆ ಕಡಿತ ತರುವುದು. ಆಮೇಲೆ ಲೋಳೆ ತೆಗೆದು ತೊಳೆದು, ಐಸ್ ಟ್ರೇಯಲ್ಲಿ ಗಟ್ಟಿಮಾಡಿ, ದಿನಕ್ಕೊಂದು ತುಂಡು. ಮೂರನೆಯದು ಪನ್ನೀರು. ದೊಡ್ಡ ಪಾತ್ರೆಯಲ್ಲಿ ಎಸಳು, ಒಂದು ಲೀಟರ್ ನೀರು, ನಡುವೆ ಸ್ಟ್ಯಾಂಡಿನ ಮೇಲೆ ಬಟ್ಟಲು, ಮೇಲೆ ಬೋರಲಾಗಿ ಮುಚ್ಚಳ, ಮುಚ್ಚಳದ ಮೇಲೆ ಐಸ್. ಬಟ್ಟಲಿನಲ್ಲಿ 200 ಮಿಲಿ ಕೂಡಿದರೆ ನಿಲ್ಲಿಸುತ್ತೇವೆ. ಕುದಿಸಿದ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಹತ್ತು ದಿನಕ್ಕೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅಂಗಡಿಯದರ ಹಾಗೆ ಇದರಲ್ಲಿ ಕೆಡದಂತೆ ಕಾಯುವ ವಸ್ತು ಇಲ್ಲ. ಬಾಟಲಿಗೆ ತಾರೀಕು ಬರೆಯುವ ಕೆಲಸ ಅವಳದೇ. ಕೊಬ್ಬರಿ ಎಣ್ಣೆ ಅವಳ ಮುಖಕ್ಕೆ ಇಲ್ಲ, ಮೊಡವೆ ಚರ್ಮದ ರಂಧ್ರ ಕಟ್ಟಿಕೊಳ್ಳುತ್ತದೆ.

ಕಸ್ತೂರಿ ಅರಿಶಿನ ಅಗೆದಾಗ ಒಂದೂವರೆ ಕೆಜಿ ಸಿಕ್ಕಿತು. ಅದನ್ನು ಅವಳ ಮುಖಕ್ಕೆ ಇನ್ನೂ ಹಚ್ಚಿಲ್ಲ. ಕಲೆ ಪೂರ್ತಿ ಮಾಯಲಿ ಅಂತ ಕಾಯುತ್ತಿದ್ದೇವೆ.

ಈಗ

ಈ ಸಲದ ಆಯುಧಪೂಜೆಗೆ ನಾನೂ ಹೋಗಿದ್ದೆ. ಅಕ್ಕ ಟ್ರ್ಯಾಕ್ಟರಿಗೆ ಮಾವಿನ ಸೊಪ್ಪು, ಕನಕಾಂಬರ, ದಾಸವಾಳ ಸೇರಿಸಿ ಕಟ್ಟಿದ ಹಾರ ಹಾಕಿದ್ದಳು. ಪಕ್ಕದ ಮನೆಯವರು ಚೆಂಡು ಹೂ ತಂದುಕೊಟ್ಟಾಗ, ಕಾರಣ ಹೇಳಿ ಅವರ ಮನೆಗೇ ವಾಪಸ್ ಕಳಿಸಿದಳು. ಭಾವ ಕುಂಬಳಕಾಯಿ ಒಡೆದು ಬಂದು ಜಗಲಿಯ ಮೇಲೆ ಕೂತರು. ಕಾಲರ್ ಮೇಲಕ್ಕಿತ್ತು. ಕತ್ತಿನಲ್ಲಿ ಹಳೆಯ ಕಡಿತದ ದಪ್ಪ ಗೆರೆ ಇನ್ನೂ ಇದೆ, ಕೆಂಪಿಲ್ಲ. ಮಳೆಗಾಲದಲ್ಲಿ ಒಮ್ಮೆ ಮಾತ್ರ ಜಾಸ್ತಿಯಾಗಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ನಾಲೆ ಏರಿಯ ಪಾರ್ಥೇನಿಯಂ ಹೂ ಬಿಟ್ಟಿದ್ದ ಸಮಯ ಅದು. ಮುಂದಿನ ಮುಂಗಾರಿಗೆ ಮೊದಲೇ ಏರಿ ಪಕ್ಕದ ನಾಲ್ಕು ಮನೆಯವರು ಸೇರಿ ಕೀಳಿಸಬೇಕು ಅಂತ ಮಾತಾಗಿದೆ. ಕೈಗವಸಿನ ಖರ್ಚು ಅಕ್ಕನದು.

ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಲಾವಂಚದ ಚೀಲ ತೋರಿಸಿದರು. ಒಂದು ಮೂಲೆ ಹರಿದು ಬೇರಿನ ತುದಿ ಆಚೆ ಇಣುಕಿತ್ತು. ಉಗುರಿನಿಂದ ಚಿವುಟಿ ಮೂಗಿಗೆ ಹಿಡಿದು, ನನ್ನ ಮೂಗಿಗೂ ಹಿಡಿದರು.

"ಸಂಕ್ರಾಂತಿಗೆ ಸೀಳಾನ, ಬಾ ಮಗ" ಅಂದರು.